ಈ ಸಲ ಕಾಂಬುಕೆ ಮಾತ್ರ

ಕುಂದಾಪುರ
17 ಜೂನ್ 2001

ಪ್ರೀತಿಯ ಅಪ್ಪಯ್ಯನಿಗೆ,

ಮೊದಲು ಸಾರಿ. ಪತ್ರ ಬರೆಯುತ್ತಿರುವುದಕ್ಕೇ ಸಾರಿ. ಭಾನುವಾರ ಫೋನು ಮಾಡುತ್ತೇನಲ್ಲ, ಎಲ್ಲ ಅದರಲ್ಲೇ ಹೇಳು ಅಂತ ನೀವು ಹೇಳಿದ್ದೀರಿ. ಆದರೆ ಆ ಫೋನು ಬರುವುದು ಕುಂಭಾಶಿಯಲ್ಲಿ ಕಮಲತ್ತೆಯ ಪಕ್ಕದ ಮನೆಗೆ. ನಾನು ರಿಸೀವರ್ ಹಿಡಿದ ಕೂಡಲೇ ಆ ಮನೆಯವರೆಲ್ಲ ಟಿವಿ ಸೌಂಡ್ ಕಮ್ಮಿ ಮಾಡಿ ನನ್ನ ಮುಖ ನೋಡುತ್ತಾರೆ. ಆಗ "ಹೂಂ, ಊಟ ಆಯ್ತು" ಬಿಟ್ಟರೆ ಬೇರೆ ಮಾತು ಬಾಯಿಗೆ ಬರುವುದಿಲ್ಲ.

ಕಾಲೇಜು ಶುರುವಾಯಿತು. ಫಸ್ಟ್ ಪಿಯುಸಿ, ಸಯನ್ಸ್. ಹಾಸ್ಟೆಲ್ಲಿನಲ್ಲಿ ಕಿಟಕಿ ಪಕ್ಕದ ಮಂಚ ಸಿಕ್ಕಿದೆ, ಮಳೆ ಒಳಗೇ ಬರುತ್ತದೆ. ಐದನೇ ಕ್ಲಾಸಿನಿಂದ ಬ್ರಹ್ಮಾವರದ ಹಾಸ್ಟೆಲ್ಲಿನಲ್ಲಿ ಇದ್ದವಳಿಗೆ ಇದು ಹೊಸದಲ್ಲ ಅಂತ ಅತ್ತೆ ಹೇಳುತ್ತಾರೆ. ಹೊಸದಲ್ಲ ಅನ್ನುವುದೇ ನನಗೆ ಬೇಜಾರು. ಬ್ರಹ್ಮಾವರದಲ್ಲಿ ಕನ್ನಡ ಮಾತಾಡಿದರೆ ಫೈನ್ ಇತ್ತಲ್ಲ, ಈಗ ಇಲ್ಲಿ ಇಂಗ್ಲಿಷ್ ಬಾಯಿಗೆ ಬಂದರೆ ಹುಡುಗಿಯರು ನಗುತ್ತಾರೆ. ಹಾಗಾಗಿ ನಾನು ಕ್ಲಾಸಿನಲ್ಲಿ ಮಾತೇ ಆಡುವುದಿಲ್ಲ.

ಒಂದು ಕೇಳಬೇಕಿತ್ತು. ಅಮ್ಮ ತೀರಿಕೊಂಡ ವರ್ಷ ನೀವು ಹೇಳಿದ್ದಿರಿ, ಇವಳ ಹತ್ತನೇ ಕ್ಲಾಸು ಮುಗಿಯಲಿ, ನಾನು ಊರಿಗೆ ಬಂದುಬಿಡುತ್ತೇನೆ, ಕುಂದಾಪುರದಲ್ಲಿ ಸಣ್ಣ ಮನೆ ಮಾಡುವ ಅಂತ. ಹತ್ತನೇ ಕ್ಲಾಸು ಮುಗಿಯಿತು ಅಪ್ಪಯ್ಯ. ಮೊನ್ನೆ ಫೋನಿನಲ್ಲಿ ಮನೆಯ ಸುದ್ದಿ ತೆಗೆಯಲಿಲ್ಲ, ಯಾವುದೋ ಅಂತರರಾಷ್ಟ್ರೀಯ ವಿಜ್ಞಾನ ಸ್ಪರ್ಧೆ, ನೀವು ಪಾಠ ಮಾಡುವ ಆ ದೇಶ ಅದಕ್ಕೆ ಸೇರಬೇಕು ಅಂದಿರಿ. (ಆ ದೇಶದ ಹೆಸರನ್ನು ನಾನು ಲಕೋಟೆಯ ಮೇಲೆ ಮಾತ್ರ ಬರೆಯುವುದು.) ಅದು ಸ್ಪರ್ಧೆಗೆ ಸೇರುವುದಕ್ಕೂ ನೀವು ಊರಿಗೆ ಬರುವುದಕ್ಕೂ ಏನು ಸಂಬಂಧ? ಸ್ಕೂಲ್ ಡೇಗೆ ಹೆಸರು ಕೊಟ್ಟ ಹಾಗೆ ಹೆಸರು ಕೊಟ್ಟರೆ ಆಗುವುದಿಲ್ಲವಾ?

ಕೋಪ ಅಲ್ಲ. ಗೊತ್ತಾಗದೆ ಕೇಳಿದ್ದು.

ನಿಮ್ಮ
ಚೇತನಾ

2 ಜುಲೈ 2001

ಚಿ. ಚೇತನಾಳಿಗೆ ಅಪ್ಪಯ್ಯನ ಆಶೀರ್ವಾದಗಳು.

ನಿನ್ನ ಪತ್ರವನ್ನು ಎರಡು ಸಲ ಓದಿದೆ. ನೀನು ಕೇಳಿದ್ದು ಒಳ್ಳೆಯ ಪ್ರಶ್ನೆ. ಹೆಸರು ಕೊಟ್ಟರೆ ಆಗುವುದಿಲ್ಲ, ಮಗಾ. ಇದು ನೆಂಟಸ್ತಿಕೆ ಬೆಳೆಸಿದ ಹಾಗೆ, ಹಂತ ಹಂತವಾಗಿ ಹೋಗಬೇಕು.

ಮೊದಲು ಇಲ್ಲಿನ ಶಿಕ್ಷಣ ಇಲಾಖೆ ಸ್ಪರ್ಧೆಯ ಸಮಿತಿಗೆ ಬರೆಯಬೇಕು: ನಮಗೂ ಮನಸ್ಸಿದೆ, ಮಕ್ಕಳನ್ನು ಶಿಫಾರಸಿನ ಮೇಲೆ ಕಳಿಸುವುದಿಲ್ಲ, ಎಲ್ಲ ಶಾಲೆಗಳಲ್ಲಿ ಪರೀಕ್ಷೆ ಮಾಡಿ ಆರಿಸುತ್ತೇವೆ ಎಂದು. ಆ ಪತ್ರ ಬರೆಸುವುದಕ್ಕೇ ನಾನು ಒಂದು ವರ್ಷ ಇಲಾಖೆಯ ಬೆಂಚಿನ ಮೇಲೆ ಕುಳಿತಿದ್ದೇನೆ. ಅವರು ಒಪ್ಪಿದ ಮೇಲೆ ಮೊದಲ ವರ್ಷ ಮಕ್ಕಳನ್ನು ಕರೆದೊಯ್ಯುವಂತಿಲ್ಲ. ಒಬ್ಬ ವೀಕ್ಷಕನನ್ನು ಮಾತ್ರ ಕಳಿಸಬೇಕು. ಅವನು ಪ್ರಶ್ನೆಪತ್ರಿಕೆ ಹೇಗೆ ಮಾಡುತ್ತಾರೆ, ಪ್ರಯೋಗದ ಪರೀಕ್ಷೆ ಹೇಗೆ ನಡೆಯುತ್ತದೆ, ಎಲ್ಲ ನೋಡಿ ಬರಬೇಕು. ಮತ ಹಾಕುವ ಹಕ್ಕಿಲ್ಲ. ಮರುವರ್ಷ ನಾಲ್ಕು ಮಕ್ಕಳ ತಂಡ ಹೋಗಬೇಕು. ಹೋಗದಿದ್ದರೆ ಮತ್ತೆ ಮೊದಲಿನಿಂದ ಶುರು. ಮುಂದೆ ಯಾವುದಾದರೂ ಒಂದು ವರ್ಷ ಎಲ್ಲ ದೇಶಗಳನ್ನೂ ನಮ್ಮಲ್ಲಿಗೆ ಕರೆದು ಸ್ಪರ್ಧೆ ನಡೆಸುತ್ತೇವೆ ಎಂದು ಈ ದೇಶ ಒಪ್ಪಬೇಕು. ಉಂಡವರು ಒಂದು ದಿನ ಉಣಿಸಬೇಕಷ್ಟೆ.

ನಾನು ಕಲಿಸುವ ಈ ಮಕ್ಕಳು ಅಟ್ಲಾಸಿನಲ್ಲಿ ತಮ್ಮ ದ್ವೀಪವನ್ನು ಪೆನ್ಸಿಲಿನಿಂದ ತಾವೇ ಚುಕ್ಕೆ ಇಟ್ಟು ಸೇರಿಸುತ್ತಾರೆ. ಅದನ್ನು ನೋಡಿದ ಮೇಲೆ ನನಗೆ ಸುಮ್ಮನೆ ಕೂರಲಾಗಲಿಲ್ಲ.

ಸಿಹಿ ಸುದ್ದಿ ಏನೆಂದರೆ, ವೀಕ್ಷಕನಾಗಿ ಹೋಗುವವನು ನಾನೇ. ಈ ವರ್ಷ ಸ್ಪರ್ಧೆ ಮುಂಬೈಯಲ್ಲಿ. ಅದು ಮುಗಿಸಿ ಜುಲೈ 27, ಶುಕ್ರವಾರ ಬೆಳಿಗ್ಗೆ ಕುಂದಾಪುರ ಸ್ಟೇಶನ್ನಿನಲ್ಲಿ ಇಳಿಯುತ್ತೇನೆ. ಎರಡು ದಿನ ಇರುತ್ತೇನೆ. ನಿನ್ನ ಮನೆಯ ಪ್ರಶ್ನೆಗೆ ಆಗ ಎದುರೆದುರು ಕುಳಿತು ಉತ್ತರ ಹೇಳುತ್ತೇನೆ.

ಅಕ್ಕನಿಗೆ ಇದೆಲ್ಲ ಅರ್ಥವಾಗಲಿಕ್ಕಿಲ್ಲ. ಈ ಸಲ ಬರುವುದು ನೋಡುವುದಕ್ಕೆ ಮಾತ್ರ ಎಂದು ಅವಳಿಗೆ ಅವಳ ಮಾತಿನಲ್ಲೇ ಹೇಳು: "ಈ ಸಲ ಬಪ್ಪುದ್ ಕಾಂಬುಕೆ ಮಾತ್ರ. ಎಲ್ಲ ಸಮ ಕಂಡ್ರೆ ಬಪ್ಪ ವರ್ಷ ಜನ ಕರ್ಕಂಡ್ ಬಪ್ಪುದ್."

ನಿನ್ನ ಅಪ್ಪಯ್ಯ
ಪ್ರೇಮಾನಂದ

ಕುಂಭಾಶಿ
14 ಜುಲೈ 2001

ಪ್ರೀತಿಯ ಅಪ್ಪಯ್ಯನಿಗೆ,

ಶನಿವಾರ ಅಂತ ಅತ್ತೆ ಮನೆಗೆ ಬಂದಿದ್ದೇನೆ. ನಿಮ್ಮ ಪತ್ರವನ್ನು ಜೋರಾಗಿ ಓದಿ ಹೇಳಿದೆ. ಮಳೆಗಾಲ, ದೋಣಿ ಕಡಲಿಗೆ ಇಳಿಯುವುದಿಲ್ಲ, ಅತ್ತೆಯದು ಈಗ ಒಣಮೀನಿನ ವ್ಯಾಪಾರ. ಅದನ್ನು ಬುಟ್ಟಿಗೆ ತುಂಬುತ್ತ, ಇಲಾಖೆ, ಸಮಿತಿ, ವೀಕ್ಷಕ ಎಲ್ಲದಕ್ಕೂ "ಹ್ಞಾಂ, ಹ್ಞಾಂ" ಅಂದರು. ನಿಮ್ಮ ಕಡೆಯ ಎರಡು ಸಾಲು ಬಂತು ನೋಡಿ, ಕೈ ನಿಂತಿತು.

"ಎಂತ ಅಂದ? ಇನ್ನೊಂದ್ ಸಲ ಓದ್, ಕಾಂಬ."

ಓದಿದೆ.

"ಅಂತೂ ನನ್ನ್ ತಮ್ಮಂಗ್ ಬುದ್ಧಿ ಬಂತ್! ಇಷ್ಟ್ ವರ್ಷ ಬೇಡ ಬೇಡ ಅಂದಂವ. ಒಬ್ನೇ ಎಷ್ಟ್ ದಿನ ಇಪ್ಪುಕಾತ್ತ್ ಹೇಳ್. ನಿಂಗ್ ಖುಷಿಯಾ ಹೆಣೆ?"

ಖುಷಿ ಅಂದೆ. ನೀವು ಊರಿಗೆ ಬರುತ್ತೀರಲ್ಲ, ಖುಷಿ ಆಗದೆ ಇರುತ್ತದಾ?

"ನಿಂಗೇ ಖುಷಿ ಇದ್ರೆ ಇನ್ ಯಾರ್ ಎಂತ ಹೇಳುಕಿತ್ತ್!" ಅಂದವರೇ ಆನೆಗುಡ್ಡೆಗೆ ಹೋಗಿ ಗಣಪತಿಗೆ ಕಾಯಿ ಒಡೆಸಿಕೊಂಡು ಬಂದರು. ನಿಮ್ಮ ದ್ವೀಪದ ಸ್ಪರ್ಧೆಗೆ ಅತ್ತೆ ಇಷ್ಟು ಖುಷಿ ಪಡುತ್ತಾರೆ ಅಂತ ನಾನು ಎಣಿಸಿರಲಿಲ್ಲ. ನಾಳೆ ಬೈಂದೂರಿಗೆ ಹೋಗುತ್ತಾರಂತೆ, ಯಾಕೆ ಅಂತ ಹೇಳುತ್ತಿಲ್ಲ.

ಆ ಎರಡು ದಿನಕ್ಕೆ ಹಾಸ್ಟೆಲ್ಲಿನಲ್ಲಿ ರಜೆ ಕೇಳಿ ಇಟ್ಟಿದ್ದೇನೆ. ನಾವು ಏನೂ ಮಾಡುವುದು ಬೇಡ. ಎಲ್ಲಿಗೂ ಹೋಗುವುದು ಬೇಡ. ನೀವು ಕೂತುಕೊಳ್ಳಿ, ನಾನೂ ಕೂತುಕೊಳ್ಳುತ್ತೇನೆ, ಸಾಕು.

ನಿಮ್ಮ
ಚೇತನಾ

ಕುಂದಾಪುರ
5 ಆಗಸ್ಟ್ 2001

ಅಪ್ಪಯ್ಯ,

ನೀವು ಹೋಗಿ ವಾರ ಕಳೆಯಿತು, ಫೋನು ಬರಲಿಲ್ಲ. ಕಾರಿನಲ್ಲಿ "ನಿನಗೂ ಗೊತ್ತಿತ್ತಾ?" ಅಂತ ಕೇಳಿ ಉತ್ತರಕ್ಕೆ ಕಾಯದೆ ಕಿಟಕಿ ಕಡೆ ತಿರುಗಿದಿರಿ. ಆ ಉತ್ತರ ಈಗ ಬರೆಯುತ್ತೇನೆ. ನನಗೆ ಗೊತ್ತಿರಲಿಲ್ಲ. ದೇವರಾಣೆ.

ಅತ್ತೆಯದೂ ಪೂರ್ತಿ ತಪ್ಪಲ್ಲ. ನೀವೇ ಬರೆದದ್ದು, ಕಾಂಬುಕೆ ಬಪ್ಪುದ್ ಅಂತ. ಈ ಊರಿನಲ್ಲಿ ಒಬ್ಬ ಗಂಡಸು ಕಾಂಬುಕೆ ಬತ್ತೆ ಅಂದರೆ, ಬರುವ ವರ್ಷ ಜನ ಕರೆದುಕೊಂಡು ಬರುತ್ತೇನೆ ಅಂದರೆ, ಹೆಣ್ಣು ನೋಡುವುದು ಬಿಟ್ಟು ಬೇರೆ ಯಾವ ಅರ್ಥ ಇದೆ? ನನಗೆ ಹೊಳೆಯಬೇಕಿತ್ತು. ಹಾಸ್ಟೆಲ್ಲಿನಲ್ಲಿ ಬೆಳೆದವಳಿಗೆ ಇಂಥದ್ದು ಯಾರು ಹೇಳಿಕೊಡುತ್ತಾರೆ? ಕೊಲ್ಲೂರಿಗೆ ಹೋಪ, ಬೈಂದೂರಾಗಿ ಹೋಪ, ದಾರಿಯಲ್ಲಿ ಒಂದು ಗುರ್ತದ ಮನೆ ಇತ್ತ್, ಚಾ ಕುಡ್ದ್ ಹೋಪ ಅಂತ ಅತ್ತೆ ಬಾಡಿಗೆ ಕಾರು ತರಿಸಿದಾಗ ಕೂಡ ನನಗೆ ಅನುಮಾನ ಬರಲಿಲ್ಲ. ನೀವು ರೈಲಿನಿಂದ ಇಳಿದು ಸರಿಯಾಗಿ ಮುಖ ತೊಳೆದಿರಲಿಲ್ಲ.

ಆ ಟೀಚರ್, ಪ್ರಫುಲ್ಲಾ ಟೀಚರ್, ಗೋಳಿಬಜೆ ತಂದಿಟ್ಟು ಬಾಗಿಲ ಹತ್ತಿರ ನಿಂತರು. ಅವರ ಅಮ್ಮ ಕೇಳಿದರು, "ಎಲ್ಲ ಕಂಡಾಯ್ತಾ? ಮನಸ್ಸಿಗ್ ಬಂತಾ?" ನೀವು ಮುಂಬೈ ಸ್ಪರ್ಧೆಯ ಗುಂಗಿನಲ್ಲೇ ಇದ್ದಿರಿ. "ಕಂಡಾಯ್ತು, ತುಂಬ ಇಷ್ಟ ಆಯ್ತು. ಬರುವ ವರ್ಷ ನಾಲ್ಕು ಮಕ್ಕಳನ್ನು ಕರೆದುಕೊಂಡೇ ಬರುತ್ತೇನೆ" ಅಂದಿರಿ.

ಆ ಅಮ್ಮನ ಕೈಯ ಲೋಟ ಅಲ್ಲೇ ನಿಂತಿತು. "ಹ್ವಾಯ್ ಕಮ್ಲಕ್ಕ, ಒಂದೇ ಹೆಣ್ಣ್ ಮಗು ಅಂದೇಳಿದ್ರಿ ಅಲ್ದಾ? ಈ ನಾಲ್ಕ್ ಮಕ್ಕಳ್ ಎಲ್ಲಿಂದ ಬಂದೊ?"

ಈಗ ನೆನೆಸಿದರೆ ನಗು ಬರುತ್ತದೆ. ಆಗ ನಗಬೇಕಿತ್ತು ಅಪ್ಪಯ್ಯ. ನೀವು ನಕ್ಕಿದ್ದರೆ ಎಲ್ಲರೂ ನಗುತ್ತಿದ್ದರು. ನೀವು ಎದ್ದಿರಿ, ಟೀಚರಿಗೆ ಕೈ ಮುಗಿದಿರಿ, ಮಳೆಯಲ್ಲಿ ಕೊಡೆ ಬಿಡಿಸದೆ ಕಾರಿನ ಹತ್ತಿರ ಹೋದಿರಿ. ರಿಪೋರ್ಟು ಬರೆಯುವುದಿದೆ ಅಂತ ಮಧ್ಯಾಹ್ನದ ರೈಲಿಗೇ ಹೊರಟಿರಿ. ಅತ್ತೆ ಮಾಡಿಟ್ಟ ಕೋಳಿಯನ್ನು ಪಕ್ಕದ ಮನೆಯವರು ತಿಂದರು.

ಎದುರೆದುರು ಕುಳಿತು ಹೇಳುತ್ತೇನೆ ಅಂದಿದ್ದಿರಿ. ಅದು ಹಾಗೇ ಉಳಿಯಿತು.

ಚೇತನಾ

2 ಸೆಪ್ಟೆಂಬರ್ 2001

ಚಿ. ಚೇತನಾಳಿಗೆ ಆಶೀರ್ವಾದ.

ನನಗೆ ಯಾರ ಮೇಲೂ ಕೋಪವಿಲ್ಲ. ಆ ಸುದ್ದಿ ಇನ್ನು ಬೇಡ.

ವರದಿ ಇಲಾಖೆಗೆ ಒಪ್ಪಿಸಿದೆ. ಬರುವ ಜುಲೈಗೆ ತಂಡ ಕಳಿಸಲು ಒಪ್ಪಿದ್ದಾರೆ. ಎಲ್ಲ ದ್ವೀಪಗಳಲ್ಲೂ ಪರೀಕ್ಷೆ ನಡೆಯಿತು. ಉತ್ತರಪತ್ರಿಕೆಗಳು ದೋಣಿಯಲ್ಲಿ ಬಂದವು, ಕೆಲವು ಒದ್ದೆಯಾಗಿದ್ದವು. ನಾಲ್ಕು ಮಕ್ಕಳು ಆಯ್ಕೆಯಾಗಿದ್ದಾರೆ, ಮೂವರು ಹುಡುಗರು, ಒಬ್ಬಳು ಹುಡುಗಿ. ಹುಡುಗಿಯ ಹೆಸರು ಶಿಫಾ. ಅವಳ ದ್ವೀಪ ದೂರ, ನಮ್ಮ ಹಾಸ್ಟೆಲ್ಲಿನಲ್ಲೇ ಇದ್ದಾಳೆ. ಹಾಸ್ಟೆಲ್ ನೋಡಿಕೊಳ್ಳುವುದೂ ನನ್ನದೇ ಕೆಲಸವಲ್ಲವೆ. ರಜೆಯ ದಿನ ಅವಳನ್ನು ನೋಡಲು ಯಾರೂ ಬರುವುದಿಲ್ಲ, ಅದಕ್ಕೆ ನಾವೆಲ್ಲ ಕೇರಂ ಆಡುತ್ತೇವೆ.

ಇನ್ನೂ ಎರಡು ವರ್ಷ ಇರಿ ಎಂದು ಶಾಲೆಯವರು ಕೇಳಿದರು. ಒಪ್ಪಿದ್ದೇನೆ. ನೀನು ಜಾಣೆ, ಅರ್ಥ ಮಾಡಿಕೊಳ್ಳುತ್ತಿ.

ಪ್ರೇಮಾನಂದ

ಕುಂದಾಪುರ
11 ನವೆಂಬರ್ 2001

ಅಪ್ಪಯ್ಯ,

ಮಗಳಿಗೆ ಬರೆದ ಪತ್ರದ ಕೆಳಗೆ ಬರೀ "ಪ್ರೇಮಾನಂದ" ಅಂತ ಸಹಿ ಹಾಕಿದ್ದೀರಿ. ಇಲಾಖೆಯ ಪತ್ರಗಳ ಜೊತೆ ಬರೆದಿರಬೇಕು.

ನಾನು ಜಾಣೆ ಅಲ್ಲ. ಕೆಮಿಸ್ಟ್ರಿ ಪ್ರಾಕ್ಟಿಕಲ್ಲಿನಲ್ಲಿ ಟೈಟ್ರೇಶನ್ ಮಾಡುವಾಗ ಬ್ಯುರೆಟ್ಟಿನ ಕೊಳವೆಯಿಂದ ಹನಿ ಹನಿಯಾಗಿ ಬಿಟ್ಟು, ತಿಳಿ ಗುಲಾಬಿ ಬಂದ ಕೂಡಲೇ ನಿಲ್ಲಿಸಬೇಕು. ನಾನು ಹೆದರಿ ಹೆದರಿ ನಲ್ಲಿ ಕಟ್ಟುವುದರೊಳಗೆ ಪ್ರತಿ ಸಲ ಕಡು ಗುಲಾಬಿ ಆಗುತ್ತದೆ. "ನಿನ್ನದು ದಾಸವಾಳದ ಶರಬತ್ತು" ಅಂತ ರತ್ನಾಕರ ಸರ್ ತಮಾಷೆ ಮಾಡುತ್ತಾರೆ. ಎರಡು ವರ್ಷ ಅಂದರೆ ನನ್ನ ಪಿಯುಸಿ ಮುಗಿಯುತ್ತದೆ. ಆಮೇಲೆ ನಾನು ಬೇರೆ ಊರು, ಇನ್ನೊಂದು ಹಾಸ್ಟೆಲ್. ಆಗ ನೀವು ಕುಂದಾಪುರದಲ್ಲಿ ಮನೆ ಮಾಡಿ ಯಾರ ಜೊತೆ ಇರುವುದು? ನೀವು ಅಲ್ಲಿ ವಾರ್ಡನ್, ನಾನು ಇಲ್ಲಿ ಇನ್ನೊಬ್ಬ ವಾರ್ಡನ್ನಿನ ಕೈಯಲ್ಲಿ. ಕೇರಂ ಬೋರ್ಡು ನಮ್ಮ ಹಾಸ್ಟೆಲ್ಲಿನಲ್ಲೂ ಇದೆ.

ಇವತ್ತು ವಿಸಿಟರ್ಸ್ ಡೇ. ಅತ್ತೆಗೆ ಈಗ ಹಸಿಮೀನಿನ ಸೀಸನ್, ಬರಲಿಕ್ಕಾಗುವುದಿಲ್ಲ. ನನ್ನ ಹೆಸರು ಕರೆದರು. ಹೋಗಿ ನೋಡಿದರೆ ಪ್ರಫುಲ್ಲಾ ಟೀಚರ್. ಬೈಂದೂರಿನಿಂದ ಬಸ್ಸಿನಲ್ಲಿ ಬಂದಿದ್ದರು. ನನಗೆ ಓಡಿಹೋಗುವ ಹಾಗಾಯಿತು.

"ಹೆದ್ರ್‌ಬೇಡ ಮಗಾ, ಜಗಳ ಮಾಡುಕೆ ಬಂದದ್ದಲ್ಲ" ಅಂದರು. "ನಿನ್ ಅಪ್ಪಯ್ಯಂಗ್ ಯಾರೂ ಹೇಳ್ಲಿಲ್ಲ ಅಂದೇಳಿ ಅವ್ರ್ ಮುಖ ಕಂಡೇ ನಂಗ್ ಗೊತ್ತಾಯ್ತ್. ನನ್ನ್ ಕಂಡ್ ಹೋದವ್ರ್ ಸುಮಾರ್ ಜನ ಇದ್ರ್. ಕೈ ಮುಗ್ದ್ ಹೋದವ್ರ್ ಅವ್ರೊಬ್ರೇ. ಅವತ್ತ್ ಮೂಲೆಯಲ್ ಕೂಕಂಡ್ ನೀ ಒಂದ್ ಗೋಳಿಬಜೆ ಮುಟ್ಲಿಲ್ಲ. ಅದಕ್ಕ್ ತಂದೆ."

ಸ್ಟೀಲ್ ಡಬ್ಬಿ ತುಂಬ ತಂದಿದ್ದರು. ತಣ್ಣಗಾಗಿತ್ತು, ಆದರೂ ನಾನು ಎಲ್ಲ ತಿಂದೆ. ಅವರು ನನ್ನನ್ನು ಏನೂ ಕೇಳಲಿಲ್ಲ, ನಿಮ್ಮ ಸುದ್ದಿಯನ್ನು ಕೂಡ. ಬರುವ ತಿಂಗಳೂ ಬರುತ್ತಾರಂತೆ.

ನಿಮಗೆ ತಿಳಿದಿರಲಿ ಅಂತ ಬರೆದೆ, ಅಷ್ಟೇ.

ಚೇತನಾ

20 ಜನವರಿ 2002

ನನ್ನ ಚೇತನಾ,

ನೀನು ನವೆಂಬರಿನಲ್ಲಿ ಬರೆದದ್ದಕ್ಕೆ ಉತ್ತರ ಬರೆಯಲು ಎಷ್ಟೋ ಸಲ ಕುಳಿತೆ, ಆಗಲಿಲ್ಲ. ಈಗ ಬರೆಯುವಂತಾಗಿದೆ.

ಇಲ್ಲಿ ನಮ್ಮ ಸ್ಪರ್ಧೆಯ ಕೆಲಸ ನಿಂತಿತು. ಸ್ಪರ್ಧೆಯಲ್ಲಿ ಬರೆಯುವ ಪರೀಕ್ಷೆ ಒಂದು, ಕೈಯಿಂದ ಮಾಡುವ ಪ್ರಯೋಗ ಒಂದು. ನಮ್ಮ ಮಕ್ಕಳು ಬರೆಯುವುದರಲ್ಲಿ ಯಾರಿಗೂ ಕಡಿಮೆ ಇಲ್ಲ. ಆದರೆ ಈ ದೇಶದ ಯಾವ ಶಾಲೆಯಲ್ಲೂ ಸರಿಯಾದ ಲ್ಯಾಬ್ ಇಲ್ಲ. ನಾಲ್ವರೂ ಬ್ಯುರೆಟ್ಟನ್ನು ಚಿತ್ರದಲ್ಲಿ ಮಾತ್ರ ನೋಡಿದವರು. ಶಿಫಾ ಔಷಧಿ ಕುಡಿಸುವ ಡ್ರಾಪರಿನಲ್ಲಿ ಅಭ್ಯಾಸ ಮಾಡುತ್ತಾಳೆ. ಮೇ ಮುಗಿಯುವುದರೊಳಗೆ ಎಲ್ಲಾದರೂ ತರಬೇತಿ ಆಗದಿದ್ದರೆ ತಂಡ ಕಳಿಸುವುದಿಲ್ಲ, ಹೋಗಿ ಮರ್ಯಾದೆ ಕಳೆದುಕೊಳ್ಳುವುದು ಬೇಡ ಎಂದು ಇಲಾಖೆ ಹೇಳಿದೆ. ಅವರು ಹೇಳುವುದೂ ಸರಿಯೇ. ನನಗೆ ಗೊತ್ತಿರುವ ಕಡೆಯೆಲ್ಲ ಬರೆದೆ. ಯಾರೂ ಒಪ್ಪಲಿಲ್ಲ. ಈ ವರ್ಷ ತಂಡ ಹೋಗದಿದ್ದರೆ ಮತ್ತೆ ವೀಕ್ಷಕನಿಂದ ಶುರು. ಅದನ್ನು ಇನ್ನೊಂದು ಸಲ ಮಾಡುವ ಶಕ್ತಿ ನನಗಿಲ್ಲ.

ಹಾಗಾದರೆ ನಾನು ಇಲ್ಲಿ ಉಳಿದು ಮಾಡುವುದೇನಿದೆ? ರಾಜೀನಾಮೆ ಕೊಟ್ಟು ಏಪ್ರಿಲ್ ಕೊನೆಗೆ ಬಂದುಬಿಡುತ್ತೇನೆ. ಕುಂದಾಪುರದಲ್ಲಿ ಮನೆ ಮಾಡುವ. ನೀನು ಕೇಳಿದ್ದೂ ಅದನ್ನೇ ಅಲ್ಲವೆ? ಸಂತೋಷವಾಗಿರು.

ನಿನ್ನ ಅಪ್ಪಯ್ಯ

ಕುಂದಾಪುರ
3 ಮಾರ್ಚ್ 2002

ಪ್ರೀತಿಯ ಅಪ್ಪಯ್ಯನಿಗೆ,

ನಿಮ್ಮ ಪತ್ರ ಬಂದು ತಿಂಗಳಾಗುತ್ತ ಬಂತು. ಅದು ಬಂದ ದಿನ ನಾನು ಮೆಸ್ಸಿನಲ್ಲಿ ಎಲ್ಲರಿಗೂ ಹೇಳಿಬಿಟ್ಟೆ, ಸೆಕೆಂಡ್ ಪಿಯುಸಿಗೆ ನಾನು ಹಾಸ್ಟೆಲ್ ಅಲ್ಲ, ಮನೆಯಿಂದ ಬರುವುದು ಅಂತ. ಕೋಡಿಗೆ ಹೋಗುವ ರಸ್ತೆಯಲ್ಲಿ ಒಂದು ಮನೆ ಬಾಡಿಗೆಗೆ ಇದೆ. ಎರಡು ಸಂಜೆ ಅದರ ಎದುರು ನಡೆದುಕೊಂಡು ಹೋದೆ. ಹಿತ್ತಲಲ್ಲಿ ಪೇರಳೆ ಮರ ಇದೆ. ಬಟ್ಟೆ ಒಣಗಿಸುವ ಹಗ್ಗವನ್ನು ಎಲ್ಲಿ ಕಟ್ಟುವುದು ಅಂತಲೂ ಯೋಚಿಸಿದ್ದೆ.

ಆಮೇಲೆ ಕೊನೆಯ ಪ್ರಾಕ್ಟಿಕಲ್ ದಿನ ರತ್ನಾಕರ ಸರ್ ಹೇಳಿದರು, "ಎಲ್ಲ ತೊಳ್ದ್ ಇಡಿ. ಏಪ್ರಿಲ್‌ಗೆ ಬೀಗ ಹಾಕಿದ್ರೆ ಇನ್ ಜೂನ್ ತಿಂಗ್ಳಿಗೇ ತೆಗೂದ್."

ನನ್ನ ಕೈಯಲ್ಲಿ ಬ್ಯುರೆಟ್ ಇತ್ತು. ಏಪ್ರಿಲ್, ಮೇ, ಎರಡು ತಿಂಗಳು ಖಾಲಿ ಲ್ಯಾಬ್. ನೀವು ಎಲ್ಲೆಲ್ಲೋ ಬರೆದಿರಿ, ನಿಮ್ಮ ಮಗಳ ಕಾಲೇಜಿಗೆ ಬರೆಯಬಹುದು ಅಂತ ನಿಮಗೆ ಹೊಳೆಯಲೇ ಇಲ್ಲ. ನನಗೆ ಹೊಳೆಯಿತು. ನಾನು ಸುಮ್ಮನಿದ್ದರೆ ನೀವು ಬರುತ್ತೀರಿ. ಹೇಳಿದರೆ ಮತ್ತೆ ಅಲ್ಲೇ ಉಳಿಯುತ್ತೀರಿ. ನಾನು ಬ್ಯುರೆಟ್ ತೊಳೆದು ಸ್ಟ್ಯಾಂಡಿಗೆ ಹಾಕಿ ಬಂದೆ, ಯಾರಿಗೂ ಹೇಳಲಿಲ್ಲ.

ಹೋದ ವಾರ ಪ್ರಫುಲ್ಲಾ ಟೀಚರ್ ಬಂದಾಗ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಬೈಯಲಿಲ್ಲ. ಅವರ ತಂದೆಯ ಸುದ್ದಿ ಹೇಳಿದರು. "ನನ್ನ್ ಅಪ್ಪಯ್ಯ ಬೊಂಬಾಯಲ್ ಆಗಷ್ಟೇ ಸ್ವಂತ ಹೋಟ್ಲ್ ಶುರು ಮಾಡುಕೆ ಹೊರಟಿದ್ರ್. ನಾವೇ ಹಠ ಮಾಡಿ ಕರ್ಸಿದ್ದ್. ಬಂದ್ರ್. ಜಗಲಿ ಮೇಲ್ ರಸ್ತೆ ಬದಿಗ್ ಮುಖ ಮಾಡಿ ಕೂಕಂಡ್ರ್. ಕಡೆ ವರೆಗೂ ಹಾಂಗೇ. ಊರಿಗ್ ಬಂದ್ರ್ ಮಗಾ, ಮನಿಗ್ ಬರ್ಲಿಲ್ಲ."

ಮರುದಿನ ರತ್ನಾಕರ ಸರ್ ಹತ್ತಿರ ಹೋದೆ. ಪೂರ್ತಿ ಮಾತಾಡುವುದರೊಳಗೆ ಅರ್ಧ ಇಂಗ್ಲಿಷ್, ಅರ್ಧ ಕನ್ನಡ ಆಯಿತು. ಸರ್ ಕೇಳಿಸಿಕೊಂಡು, "ಶರಬತ್ತಿನವ್ಳೇ ಒಂದ್ ದೇಶಕ್ಕ್ ಟೈಟ್ರೇಶನ್ ಕಲ್ಸುದಾ!" ಅಂತ ನಕ್ಕು ಪ್ರಿನ್ಸಿಪಾಲರ ಹತ್ತಿರ ಕರೆದುಕೊಂಡು ಹೋದರು. ಅವರು ಒಪ್ಪಿದ್ದಾರೆ. ಏಪ್ರಿಲ್ 8ರಿಂದ ಐದು ವಾರ ಲ್ಯಾಬ್ ಕೊಡುತ್ತಾರೆ, ಸರ್ ತಾವೇ ಬಂದು ಕಲಿಸುತ್ತಾರೆ. ಆದರೆ ನಿಮ್ಮ ಶಾಲೆಯಿಂದ ಒಂದು ಅಧಿಕೃತ ಪತ್ರ ಬರಬೇಕು, ಮಕ್ಕಳ ಹೆಸರು ಬರೆದು, ಈ ತಿಂಗಳು 31ರ ಒಳಗೆ. ಇಲ್ಲದಿದ್ದರೆ ಸರ್ ರಜೆಗೆ ಊರಿಗೆ ಹೋಗುತ್ತಾರೆ.

ಉಳಿದುಕೊಳ್ಳುವುದು ಅತ್ತೆ ಮನೆಯಲ್ಲಿ. ಅತ್ತೆಗೆ ಎಲ್ಲ ಬಿಡಿಸಿ ಹೇಳಿದ್ದೇನೆ. "ಈ ಸಲ ನಾ ಎಂತದೂ ಅಂದಾಜ್ ಮಾಡುದಿಲ್ಲೆ ಮಾರಾಯ್ತಿ. ಬಪ್ಪುದ್ ಯಾರ್, ಎಂತಕ್ಕೆ ಬಪ್ಪುದ್, ಎಂತ ಉಂಬುದ್, ಎಲ್ಲ ಬರ್ದ್ ಕೇಣ್" ಅಂದರು. ಆದ್ದರಿಂದ ಕೇಳುತ್ತೇನೆ: ಆ ಮಕ್ಕಳು ಕುಚ್ಚಲಕ್ಕಿ ಅನ್ನ ಉಣ್ಣುತ್ತಾರಾ? ಬಂಗುಡೆ ಖಾರ ಆಗುತ್ತದಾ? ಅವರು ನಮಾಜಿಗೆ ಕೂರಲು ಅತ್ತೆ ಮಾಳಿಗೆ ಕೋಣೆ ಖಾಲಿ ಮಾಡಿಸುತ್ತಿದ್ದಾರೆ, ಅದು ಸಾಕಾ? ಹುಡುಗರು ನಿಮ್ಮ ಜೊತೆ ಚಾವಡಿಯಲ್ಲಿ, ಶಿಫಾ ನನ್ನ ಜೊತೆ ಒಳಕೋಣೆಯಲ್ಲಿ. ಅವಳ ಮೇಲೆ ನನಗೆ ಸ್ವಲ್ಪ ಸಿಟ್ಟಿದೆ. ಅದನ್ನು ಅವಳಿಗೆ ಹೇಳಬೇಡಿ.

ಐದು ವಾರ ಆದ ಮೇಲೆ ನೀವು ಅವರನ್ನು ಕರೆದುಕೊಂಡು ಹೋಗುತ್ತೀರಿ, ನನಗೆ ಗೊತ್ತು. ಕೋಡಿ ರಸ್ತೆಯ ಮನೆಗೆ ಮೊನ್ನೆ ಯಾರೋ ಬಂದರು, ಹಿತ್ತಲಲ್ಲಿ ಮಗುವಿನ ಬಟ್ಟೆ ಒಣಗಿಸಿದ್ದರು. ನಾನು ಹಾಸ್ಟೆಲ್ ಸೀಟಿಗೆ ಮತ್ತೆ ಅರ್ಜಿ ಕೊಟ್ಟಿದ್ದೇನೆ.

ಅಕ್ಕಿ ತರಿಸಬೇಕು, ಎಷ್ಟು ಜನ ಅಂತ ಅತ್ತೆ ದಿನಾ ಕೇಳುತ್ತಾರೆ. ಅತ್ತೆಯನ್ನು ಬಿಟ್ಟು ಆರು ಅಂದಿದ್ದೇನೆ: ಆ ನಾಲ್ವರು, ನೀವು, ನಾನು. ಸರಿಯಾ? ಪತ್ರ ತಲುಪಿದ ದಿನವೇ ಉತ್ತರ ಬರೆಯಿರಿ.

ನಿಮ್ಮ
ಚೇತನಾ